ಉಜ್ಜುವ ಕೀಲು, ಉರುಳುವ ಕೀಲು

ಕನ್ನಡದಲ್ಲಿ 'ಕೀಲು' ಎಂಬ ಮಾತಿಗೆ ಅರ್ಥಗಳು ಹಲವು. ಗೂಟವೂ ಕೀಲು, ಮೈಯ ಮೂಳೆಗಳು ಕೂಡುವ ಸಂದಿಯೂ ಕೀಲು. ಕೀಲುಗೊಂಬೆ, ಕೀಲುಕುದುರೆಗಳ ಕೀಲು ಇನ್ನೊಂದು ಬಗೆ. ಒಂದು ವ್ಯವಹಾರದ ಗುಟ್ಟು ತಿಳಿಯದೆ ತೊಡಕಾದಾಗ "ಇದರ ಕೀಲು ಎಲ್ಲಿದೆಯೋ!" ಎಂದುಕೊಳ್ಳುವುದೂ ಉಂಟು. ಬಂಡಿಯ ಅಚ್ಚಿಗೆ ಹಚ್ಚುವ ಕರಿಯ ಜಿಡ್ಡಿಗೆ ಕೀಲೆಣ್ಣೆ ಎಂದು ಹೆಸರಿಟ್ಟ ನಮ್ಮ ಹಿಂದಿನವರು, ತಿರುಗುವ ವಸ್ತುವಿನ ಜೀವವೆಲ್ಲ ಅದು ತಿರುಗುವ ಎಡೆಯಲ್ಲಿಯೇ ಅಡಗಿದೆ ಎಂಬುದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಮಡಿಸುವ ಚಾಕುವನ್ನು ಕೈಗೆ ತೆಗೆದುಕೊಂಡಾಗ ನಮ್ಮ ಕಣ್ಣು ಮೊದಲು ಹೋಗುವುದು ಅಲಗಿನ ಹೊಳಪಿನ ಕಡೆಗೆ, ಆಮೇಲೆ ಹಿಡಿಯ ಅಂದದ ಕಡೆಗೆ. ಅವೆರಡನ್ನೂ ಕೂಡಿಸಿರುವ ಕೀಲಿನ ಕಡೆಗೆ ಹೋಗುವುದು ಅದು ಕೆಟ್ಟ ಮೇಲೆ.

ಇಷ್ಟು ಚಿಕ್ಕ ವಸ್ತುವಿಗೆ ಇತಿಹಾಸವೇ ಎಂದು ವಾಚಕರು ನಗಬಹುದು. ಆದರೆ ಇಂದು ಒಳ್ಳೆಯ ಮಡಿಸುವ ಚಾಕುವೊಂದನ್ನು ಕೊಳ್ಳಹೊರಟವನು ಉತ್ತರ ಹೇಳಬೇಕಾದ ಪ್ರಶ್ನೆಗಳಲ್ಲಿ ಇದೂ ಒಂದು: ಕೀಲಿನಲ್ಲಿ ವಾಷರ್ ಇರಬೇಕೋ, ಬೇರಿಂಗ್ ಇರಬೇಕೋ? ವಾಷರ್ ಎಂದರೆ ಅಲಗಿನ ಎರಡು ಪಕ್ಕಗಳಲ್ಲಿ, ಅಲಗಿಗೂ ಹಿಡಿಗೂ ನಡುವೆ ಇಡುವ ತೆಳ್ಳನೆಯ ತೂತುಬಿಲ್ಲೆ. ಅಲಗು ಅದರ ಮೇಲೆ ಉಜ್ಜಿಕೊಂಡು ತಿರುಗುತ್ತದೆ. ಬೇರಿಂಗ್ ಎಂದರೆ ಅದೇ ಜಾಗದಲ್ಲಿ ಬಳೆಯಂತೆ ಸುತ್ತಲೂ ಜೋಡಿಸಿದ, ರಾಗಿಕಾಳಿನ ಗಾತ್ರದ ಗುಂಡುಗಳು; ಅಲಗು ಅವುಗಳ ಮೇಲೆ ಉರುಳಿಕೊಂಡು ತಿರುಗುತ್ತದೆ. ಎಳೆಯುವುದಕ್ಕಿಂತ ಉರುಳಿಸುವುದು ಹಗುರ ಎಂಬುದು ಮರದ ದಿಮ್ಮಿಯನ್ನು ಸಾಗಿಸಿದವರಿಗೆಲ್ಲ ಗೊತ್ತು. ಹಾಗಾದರೆ ಗುಂಡುಗಳು ಬಂದ ದಿನವೇ ಬಿಲ್ಲೆಗಳು ಮೂಲೆ ಸೇರಬೇಕಾಗಿತ್ತಲ್ಲ? ಸೇರಲಿಲ್ಲ. ಈ ಎರಡು ಬಗೆಯ ಕೀಲುಗಳು ಹುಟ್ಟಿದ ಮನೆಗಳೇ ಬೇರೆ, ಬೆಳೆದ ದಾರಿಗಳೇ ಬೇರೆ. ಅವು ಒಂದು ಚಾಕುವಿನಲ್ಲಿ ಎದುರುಬದುರಾದದ್ದು ತೀರ ಈಚೆಗೆ.

ಆಸ್ಟ್ರಿಯಾ ದೇಶದಲ್ಲಿ ಹಾಲ್‌ಷ್ಟಾಟ್ ಎಂಬುದೊಂದು ಉಪ್ಪಿನ ಗಣಿಯ ಊರು. ಅಲ್ಲಿ ದೊರೆತಿರುವ, ಮೂಳೆಯ ಹಿಡಿಯ ಮಡಿಸುವ ಚಾಕುವೊಂದನ್ನು ಕ್ರಿ. ಪೂ. 600-500ರ ಸುಮಾರಿನದೆಂದು ಹೇಳುತ್ತಾರೆ. ಅದರ ಕೀಲು ಅತ್ಯಂತ ಸರಳ: ಹಿಡಿಗೂ ಅಲಗಿಗೂ ಒಂದು ತೂತು, ಅದರಲ್ಲೊಂದು ಮೊಳೆ. ನಮ್ಮ ಮನೆಗಳ ಅಡಕತ್ತರಿಯಲ್ಲಿ ಇರುವುದೂ ಇದೇ ಉಪಾಯ. ಅಡಕತ್ತರಿಯ ಮೊಳೆಯನ್ನು ಅತಿಯಾಗಿ ಬಡಿದರೆ ಅದು ಬಾಯಿ ಬಿಡುವುದಿಲ್ಲ; ಕಡಮೆ ಬಡಿದರೆ ಎರಡು ತೋಳುಗಳೂ ಅತ್ತಿತ್ತ ಸರಿದು, ಅಡಕೆ ಹೋಳಾಗುವುದಕ್ಕೆ ಬದಲು ಜಜ್ಜಿಹೋಗುತ್ತದೆ. ಬಿಗಿಯೂ ಆಗಿರಬೇಕು, ತಿರುಗಲೂ ಬೇಕು. ಕೀಲಿನ ಕಷ್ಟವೆಲ್ಲ ಇಷ್ಟೆ. ಎರಡೂವರೆ ಸಾವಿರ ವರ್ಷಗಳಿಂದ ಚಾಕು ಮಾಡುವವರು ಬಿಡಿಸುತ್ತ ಬಂದಿರುವುದು ಈ ಒಂದು ಗಂಟನ್ನೇ.

ರೋಮನರ ಕೈಯಲ್ಲಿ ಮಡಿಸುವ ಚಾಕು ಐಷಾರಾಮದ ವಸ್ತುವೂ ಆಯಿತು. ಕೇಂಬ್ರಿಡ್ಜಿನ ಫಿಟ್ಸ್‌ವಿಲಿಯಂ ವಸ್ತುಸಂಗ್ರಹಾಲಯದಲ್ಲಿ ಕ್ರಿ. ಶ. 3ನೆಯ ಶತಮಾನದ ಬೆಳ್ಳಿಯ ಉಪಕರಣವೊಂದಿದೆ. ಕಬ್ಬಿಣದ ಅಲಗು, ಚಮಚ, ಮುಳ್ಳುಚಮಚ, ಸೂಜಿಯಂಥ ಕಡ್ಡಿ ಎಲ್ಲವೂ ಅದರಲ್ಲಿ ಸೇರಿಕೊಂಡಿವೆ. ಪ್ರವಾಸ ಹೊರಟ ಶ್ರೀಮಂತನೊಬ್ಬನ ಊಟದ ಮೇಜು ಅವನ ಮುಷ್ಟಿಯಲ್ಲಿಯೇ ಇದ್ದಿತೆಂದು ತೋರುತ್ತದೆ.

ಅದೇ ರೋಮನರಿಗೆ ಉರುಳುವ ಗುಂಡಿನ ಗುಟ್ಟೂ ಗೊತ್ತಿದ್ದಿತು. ರೋಮ್ ನಗರದ ದಕ್ಷಿಣಕ್ಕೆ ನೇಮಿ ಎಂಬ ಚಿಕ್ಕ ಸರೋವರವಿದೆ. ಕಲಿಗುಲ ಚಕ್ರವರ್ತಿಯ ಕಾಲದ, ಎಂದರೆ ಕ್ರಿ. ಶ. 40ರ ಸುಮಾರಿನ ಎರಡು ಭಾರಿ ಹಡಗುಗಳು ಅದರ ತಳದಲ್ಲಿ ಮುಳುಗಿ ಬಿದ್ದಿದ್ದವು. 1928ರಲ್ಲಿ ಸರೋವರದ ನೀರನ್ನೇ ಹೊರಕ್ಕೆ ಹಾಯಿಸಲು ತೊಡಗಿ, ನಾಲ್ಕಾರು ವರ್ಷಗಳಲ್ಲಿ ಅವನ್ನು ದಡಕ್ಕೆ ತಂದರು. ಅವುಗಳ ಅವಶೇಷಗಳಲ್ಲಿ ಒಂದು ಮರದ ತಿರುಗುವೇದಿಕೆಯ ತುಂಡು ಸಿಕ್ಕಿತು; ಅದರ ಅಡಿಗೆ ಕಂಚಿನ ಗುಂಡುಗಳು! ಪ್ರತಿಯೊಂದು ಗುಂಡಿಗೂ ಎರಡು ಕಡೆ ಪುಟ್ಟ ಅಚ್ಚುಗಳಿದ್ದು ಅವು ತಮ್ಮ ಜಾಗದಲ್ಲಿಯೇ ನಿಂತು ಉರುಳುತ್ತಿದ್ದವು. ಆ ವೇದಿಕೆಯ ಮೇಲೆ ಇದ್ದುದು ವಿಗ್ರಹವೋ, ಭಾರವೆತ್ತುವ ಯಂತ್ರವೋ, ವಿದ್ವಾಂಸರು ಜಗಳವಾಡಿಕೊಳ್ಳಲಿ. ನಮಗೆ ಬೇಕಾದುದು ಇಷ್ಟು: ಮೇಲಿನಿಂದ ಅದುಮುವ ಭಾರವನ್ನು ಸಮತಟ್ಟಾದ ವೃತ್ತದಲ್ಲಿ ಹೊತ್ತು ತಿರುಗಿಸುವ ಈ ಏರ್ಪಾಡಿಗೂ, ಇಂದಿನ ಚಾಕುವಿನ ಬೇರಿಂಗಿಗೂ ತತ್ತ್ವದಲ್ಲಿ ಭೇದವಿಲ್ಲ. ಆ ಹಡಗುಗಳು 1944ರ ಮೇ 31ರ ರಾತ್ರಿ, ಯುದ್ಧದ ಗಲಭೆಯಲ್ಲಿ ಸುಟ್ಟುಹೋದವು. ಹತ್ತೊಂಬತ್ತು ನೂರು ವರ್ಷ ನೀರು ಉಳಿಸಿಕೊಟ್ಟದ್ದನ್ನು ಮನುಷ್ಯರಿಂದ ಹದಿನೈದು ವರ್ಷವೂ ಉಳಿಸಿಕೊಳ್ಳಲಾಗಲಿಲ್ಲ.

ಗುಂಡೂ ಇತ್ತು, ಮಡಿಸುವ ಚಾಕುವೂ ಇತ್ತು. ಒಂದೇ ಸಾಮ್ರಾಜ್ಯದಲ್ಲಿ ಇದ್ದ ಇವೆರಡೂ ಒಂದಾಗದೆ ಹೋದುದೇಕೆ? ಮುಷ್ಟಿಯಷ್ಟು ದೊಡ್ಡ ಕಂಚಿನ ಗುಂಡನ್ನು ಎರಕ ಹೊಯ್ದು ತಿದ್ದಬಹುದು. ರಾಗಿಕಾಳಿನಷ್ಟು ಗುಂಡುಗಳನ್ನು, ಅದೂ ಒಂದರಂತೆ ಇನ್ನೊಂದು, ಉಕ್ಕಿನ ಗಟ್ಟಿತನದಲ್ಲಿ ಮಾಡುವುದು ಕೈಗೆ ಸಾಧ್ಯವಲ್ಲ. ಹತ್ತರಲ್ಲಿ ಒಂದು ಗುಂಡು ದಪ್ಪವಾಗಿದ್ದರೆ ಭಾರವೆಲ್ಲ ಅದೊಂದರ ತಲೆಯ ಮೇಲೆ. ಉಳಿದ ಒಂಬತ್ತು ಸುಮ್ಮನೆ ಜೊತೆಗಿರುತ್ತವೆ. ಮೇಲಾಗಿ ಅಂಥ ಕೀಲು ಬೇಕೆಂದು ಕೇಳಿದವರೂ ಇರಲಿಲ್ಲ. ಚಾಕುವನ್ನು ಎರಡು ಕೈಗಳಿಂದ ಬಿಚ್ಚುವಾಗ ಅದು ತುಸು ಬಿಗಿಯಾಗಿದ್ದರೆ ಬಿಚ್ಚುವವನಿಗೆ ಆಗುವ ನಷ್ಟವೇನು?

ಉಜ್ಜುವ ಕೀಲನ್ನು ಒಂದು ಕಲೆಯಾಗಿ ಬೆಳೆಸಿದ ಊರು ಇಂಗ್ಲೆಂಡಿನ ಷೆಫೀಲ್ಡ್. ಆಂಗ್ಲ ಸಾಹಿತ್ಯವನ್ನು ಓದಿದವರಿಗೆ ನೆನಪಿರಬಹುದು. 14ನೆಯ ಶತಮಾನದ ಕವಿ ಚಾಸರನ ಗಿರಣಿಗಾರನೊಬ್ಬ ಷೆಫೀಲ್ಡಿನ ಚಾಕುವನ್ನು ಕಾಲುಚೀಲದಲ್ಲಿ ಸಿಕ್ಕಿಸಿಕೊಂಡು ತಿರುಗುತ್ತಾನೆ. ಅಲ್ಲಿಯ ಚಾಕುಗಾರರ ಸಂಘಕ್ಕೆ 1624ರಲ್ಲಿ ಪಾರ್ಲಿಮೆಂಟಿನ ಕಾಯಿದೆಯ ಮನ್ನಣೆ ದೊರೆಯಿತು. ಆ ಶತಮಾನದ ಉತ್ತರಾರ್ಧದಲ್ಲಿ ಹಿಡಿಯ ಬೆನ್ನಿನಲ್ಲಿ ಉಕ್ಕಿನ ಸ್ಪ್ರಿಂಗನ್ನು ಕೂಡಿಸುವ ಪದ್ಧತಿ ಬಂದಿತು. ಅಲಗು ಬಿಚ್ಚಿದಾಗಲೂ ಮಡಿಸಿದಾಗಲೂ ಸ್ಪ್ರಿಂಗು ಅದರ ಬುಡವನ್ನು ಒತ್ತಿ ಹಿಡಿಯುತ್ತದೆ. ನಮ್ಮಲ್ಲಿ ಒಂದು ಕಾಲಕ್ಕೆ ಸೀಸದಕಡ್ಡಿಯನ್ನು ಹೆರೆಯುತ್ತಿದ್ದ ಜೇಬುಚಾಕುವಿನ ವಂಶ ಇದೇ. ಬಿಡಿಸುವಾಗ ಉಗುರು ಸಿಕ್ಕಿಸಲು ಅಲಗಿನ ಮೇಲೆ ಒಂದು ಗೆರೆ, ತುದಿ ಮುಟ್ಟಿದಾಗ 'ಟಕ್' ಎಂಬ ಸದ್ದು. ಈ ಚಾಕುಗಳ ಗುಣವನ್ನು ಹೇಳಲು ಆಂಗ್ಲರಲ್ಲಿ ಒಂದು ನುಡಿಗಟ್ಟು ಇದೆ. ಅದನ್ನು ಕನ್ನಡಕ್ಕೆ ತರಲು ಶ್ರಮವೇ ಇಲ್ಲ: ಚಾಕುವಿನ 'ನಡೆ-ನುಡಿ' ಚೆನ್ನಾಗಿರಬೇಕು ಎನ್ನುತ್ತಾರೆ. ಅಲಗು ಎಲ್ಲಿಯೂ ತೊಡರದೆ ಸಾಗುವುದು ನಡೆ. ಕೊನೆಯ ಆ ಸದ್ದು ನುಡಿ.

ಈ ನಡೆಗೆ ಕಾರಣವಾದುದು ಹಿತ್ತಾಳೆ. ಹಿಡಿಯ ಒಳಮೈಗೆ ಹಿತ್ತಾಳೆಯ ತಗಡನ್ನು ಹೊಂದಿಸುತ್ತಿದ್ದರು. ಉಕ್ಕಿನ ಅಲಗು ತಿರುಗುತ್ತಿದ್ದುದು ಆ ತಗಡಿನ ಮೇಲೆ. ಗಟ್ಟಿ ಲೋಹದ ಪಕ್ಕದಲ್ಲಿ ಮೆತು ಲೋಹವನ್ನಿಟ್ಟರೆ ಎರಡೂ ಕಚ್ಚಿಕೊಳ್ಳುವುದಿಲ್ಲ; ಮೆತುವಾದುದು ತಾನು ಸವೆದು, ನುಣುಪಾಗಿ, ಗಟ್ಟಿಯಾದುದಕ್ಕೆ ಹಾದಿ ಬಿಡುತ್ತದೆ. ಹೆಸರು ಬೇರೆಯಾದರೂ ವಾಷರಿನ ಕೆಲಸವನ್ನೆಲ್ಲ ಈ ತಗಡೇ ಮಾಡುತ್ತಿದ್ದಿತು. 1851ರ ಲಂಡನ್ ಮಹಾಪ್ರದರ್ಶನಕ್ಕಾಗಿ ಷೆಫೀಲ್ಡಿನ ಜೋಸೆಫ್ ರಾಜರ್ಸ್ ಮನೆತನದವರು 75 ಅಲಗು ಮತ್ತು ಉಪಕರಣಗಳುಳ್ಳ 'ನಾರ್ಫೋಕ್ ಚಾಕು'ವನ್ನು ಮಾಡಿದರು. ಅದು ಯಾರ ಜೇಬಿಗೂ ಹಿಡಿಸುವಂಥದಲ್ಲ. ಕೆಲಸಗಾರನ ಕೈ ಎಷ್ಟು ಬಾರಿ ಬಿಗಿ-ಸಡಿಲಗಳ ಹದವನ್ನು ತಪ್ಪದೆ ಹಿಡಿಯಬಲ್ಲುದು ಎಂಬುದಕ್ಕೆ ಮಾತ್ರ ಅದು ಸಾಕ್ಷಿ.

ಹಿತ್ತಾಳೆಯೂ ಇಲ್ಲದೆ ನಡೆದುಬಂದ ಕೀಲೂ ಒಂದುಂಟು. ಫ್ರಾನ್ಸಿನ ಸವಾಯ್ ಪ್ರಾಂತದ ಜೋಸೆಫ್ ಒಪಿನೆಲ್ ಎಂಬವನು 1890ರಲ್ಲಿ ರೈತರ ಉಪಯೋಗಕ್ಕೆಂದು ರೂಪಿಸಿದ ಚಾಕುವಿನಲ್ಲಿ ಮರದ ಹಿಡಿಯನ್ನು ಸೀಳಿ, ಆ ಸೀಳಿನಲ್ಲಿ ಅಲಗನ್ನು ಕೂಡಿಸಿ, ಒಂದು ಮೊಳೆ ಬಡಿದಿದ್ದಾರೆ. ಅಲಗು ಉಜ್ಜುವುದು ಮರಕ್ಕೇ. ಮಳೆ ಬಂದರೆ ಮರ ಹಿಗ್ಗಿ ಅಲಗನ್ನು ಕಚ್ಚಿ ಹಿಡಿಯುತ್ತದೆ. ಅದಕ್ಕೆ ಅಲ್ಲಿಯವರು ಕಂಡುಕೊಂಡ ಮದ್ದಿಗೆ 'ಸವಾಯಿಯ ಏಟು' ಎಂದೇ ಹೆಸರು: ಹಿಡಿಯ ಹಿಂಬದಿಯನ್ನು ಮೇಜಿನ ಅಂಚಿಗೆ ಒಮ್ಮೆ ಕುಟ್ಟಿದರೆ ಅಲಗು ತಲೆಯೆತ್ತುತ್ತದೆ. 1955ರಲ್ಲಿ ಅಲಗನ್ನು ಭದ್ರಪಡಿಸುವ ತಿರುಗುಬಳೆಯೊಂದು ಸೇರಿತಲ್ಲದೆ, ಆ ಕೀಲು ಇಂದಿಗೂ ಹೆಚ್ಚು ಬದಲಾಗಿಲ್ಲ.

ಇನ್ನು ಗುಂಡುಗಳ ಕಥೆ. ನೇಮಿಯ ಹಡಗುಗಳ ಬಳಿಕ ಬಹುಕಾಲದ ಮೇಲೆ, 15ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಲಿಯೊನಾರ್ಡೊ ಡ ವಿಂಚಿ ಇದನ್ನು ಕುರಿತು ಚಿಂತಿಸಿದನು. ಗುಂಡುಗಳು ಒಂದನ್ನೊಂದು ಮುಟ್ಟಿದರೆ, ಮುಟ್ಟುವ ಜಾಗದಲ್ಲಿ ಅವು ಎದುರುಬದುರಾಗಿ ಉಜ್ಜಿಕೊಳ್ಳುತ್ತವೆ. ಆದ್ದರಿಂದ ಪ್ರತಿಯೊಂದನ್ನೂ ಅದರದರ ಗೂಡಿನಲ್ಲಿ ಬೇರೆಯಾಗಿಡಬೇಕು ಎಂದು ಅವನು ಚಿತ್ರ ಬರೆದನು. ಆ ಟಿಪ್ಪಣಿಗಳಿದ್ದ ಹಸ್ತಪ್ರತಿಗಳು ಮ್ಯಾಡ್ರಿಡ್ ನಗರದ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕಣ್ಮರೆಯಾಗಿದ್ದು, 1960ರ ದಶಕದಲ್ಲಿ ಮತ್ತೆ ಬೆಳಕಿಗೆ ಬಂದವು. ಅಷ್ಟು ಹೊತ್ತಿಗೆ ಲೋಕವು ಅವನ ನೆರವಿಲ್ಲದೆಯೇ ಅಲ್ಲಿಗೆ ಬಂದು ಮುಟ್ಟಿತ್ತು. 1794ರಲ್ಲಿ ವೇಲ್ಸಿನ ಕಬ್ಬಿಣದ ಉದ್ಯಮಿ ಫಿಲಿಪ್ ವಾನ್ ಗಾಡಿಯ ಅಚ್ಚಿನಲ್ಲಿ ಗುಂಡುಗಳನ್ನು ಕೂಡಿಸುವ ಹಕ್ಕುಪತ್ರ ಪಡೆದನು. 1869ರಲ್ಲಿ ಪ್ಯಾರಿಸಿನ ಜೂಲ್ಸ್ ಸುರಿರೇ ಅವನ್ನು ಬೈಸಿಕಲ್ಲಿಗೆ ತಂದನು. ಅದೇ ವರ್ಷ ಪ್ಯಾರಿಸಿನಿಂದ ರೂಆನ್‌ವರೆಗೆ ನಡೆದ ಪಂದ್ಯವನ್ನು ಗೆದ್ದ ಜೇಮ್ಸ್ ಮೂರ್ ಎಂಬವನ ಗಾಡಿಯಲ್ಲಿ ಅವು ಇದ್ದವು. ಆದರೂ ಗುಂಡುಗಳನ್ನು ಮಾಡುವ ಕಷ್ಟ ತೀರಿರಲಿಲ್ಲ. 1883ರಲ್ಲಿ ಜರ್ಮನಿಯ ಷ್ವೈನ್‌ಫುರ್ಟ್ ಎಂಬ ಊರಿನ ಫ್ರೀಡ್ರಿಷ್ ಫಿಷರನು ಉಕ್ಕಿನ ಗುಂಡುಗಳನ್ನು ಒಂದೇ ಅಳತೆಗೆ, ರಾಶಿರಾಶಿಯಾಗಿ ಅರೆಯುವ ಯಂತ್ರವನ್ನು ಕಟ್ಟಿದ ಮೇಲೆ ಬೇರಿಂಗ್ ಎಂಬುದು ಅಂಗಡಿಯ ಸರಕಾಯಿತು. ರೋಮನರಿಗೆ ಇಲ್ಲದೆ ಹೋದುದು ಬುದ್ಧಿಯಲ್ಲ, ಈ ಯಂತ್ರ.

ಹೀಗೆ ಹಡಗು, ಗಾಡಿ, ಬೈಸಿಕಲ್ಲು ಎಂದು ದೊಡ್ಡ ದೊಡ್ಡ ವಸ್ತುಗಳ ಸಹವಾಸದಲ್ಲಿ ಬೆಳೆದ ಗುಂಡು ಚಾಕುವಿನ ಮನೆಗೆ ಬರುವಂತೆ ಮಾಡಿದ್ದು ಹೆಬ್ಬೆರಳು. 1981ರಲ್ಲಿ ಅಮೆರಿಕದ ಸ್ಪೈಡರ್ಕೊ ಎಂಬ ಕಂಪೆನಿ ಅಲಗಿನಲ್ಲೊಂದು ದುಂಡು ತೂತನ್ನು ಕೊರೆದು, ಹೆಬ್ಬೆರಳಿನಿಂದ, ಒಂದೇ ಕೈಯಲ್ಲಿ ಚಾಕು ಬಿಡಿಸುವ ರೂಢಿಯನ್ನು ಹಬ್ಬಿಸಿತು. ಆ ದಶಕದಲ್ಲಿಯೇ ಬೆನ್ನಿನ ಸ್ಪ್ರಿಂಗಿನ ಒತ್ತಡವಿಲ್ಲದೆ, ಬಿಚ್ಚಿದ ಅಲಗಿನ ಹಿಂದಕ್ಕೆ ಪಕ್ಕದ ತಗಡೇ ಸರಿದು ಬಂದು ಬೀಗವಾಗುವ ಉಪಾಯವೂ ಬಳಕೆಗೆ ಬಂದಿತು. ಆಗ ಮೊದಲ ಬಾರಿಗೆ ಕೀಲಿನ ಹಗುರತನಕ್ಕೆ ಬೆಲೆ ಬಂದಿತು. ಮೊಳೆಯ ಜಾಗದಲ್ಲಿ ಬಿಗಿ-ಸಡಿಲ ಮಾಡಬಲ್ಲ ತಿರುಪು ಕುಳಿತುಕೊಂಡಿತು; ಅದರ ಎರಡು ಪಕ್ಕಗಳಲ್ಲಿ ಬಿಡಿ ಬಿಲ್ಲೆಗಳು. ಕೆಲವರು ಟೆಫ್ಲಾನಿನ ಬಿಲ್ಲೆ ಇಟ್ಟರು. 1938ರಲ್ಲಿ ರಾಯ್ ಪ್ಲಂಕೆಟ್ ಎಂಬ ರಸಾಯನಶಾಸ್ತ್ರಜ್ಞನಿಗೆ ಅನಿರೀಕ್ಷಿತವಾಗಿ ಸಿಕ್ಕಿದ ಈ ವಸ್ತು ಬೆಣ್ಣೆಯಂತೆ ಜಾರುತ್ತದೆ; ಆದರೆ ಬೆಣ್ಣೆಯಂತೆಯೇ ಒತ್ತಡಕ್ಕೆ ಮಣಿದು ಹರಡಿಕೊಳ್ಳುತ್ತದೆ. ಆದುದರಿಂದ ಬಾಳಿಕೆ ಬೇಕೆಂದವರು ಫಾಸ್ಫರ್ ಬ್ರಾಂಜಿಗೆ, ಎಂದರೆ ತುಸು ರಂಜಕ ಬೆರೆಸಿದ ಕಂಚಿಗೆ ಒಲಿದರು.

ಆಮೇಲೆ ಬಂದುದು ತೋರುಬೆರಳಿನ ಚಾಕು. ಅಲಗಿನ ಬುಡದ ಒಂದು ಸಣ್ಣ ತುದಿ ಹಿಡಿಯ ಬೆನ್ನಿನಾಚೆಗೆ ಮೊಳಕೆಯಂತೆ ಚಾಚಿರುತ್ತದೆ. ಅದನ್ನು ಬೆರಳಿನಿಂದ ಒಮ್ಮೆ ಒತ್ತಿದರೆ ಅಲಗು ತನ್ನ ವೇಗದಿಂದಲೇ ಅರ್ಧ ಸುತ್ತು ಬಂದು ನಿಲ್ಲಬೇಕು. ಇಲ್ಲಿ ಮಾತ್ರ ಉಜ್ಜಾಟವೆಂಬುದು ನಿಜವಾದ ಶತ್ರು. ದಾರಿಯಲ್ಲಿ ವೇಗ ಕುಂದಿದರೆ ಅಲಗು ಅರ್ಧದಲ್ಲಿಯೇ ನಿಂತು ಬೀಗ ಬೀಳುವುದಿಲ್ಲ. ಬ್ರೆಜಿಲಿನ ಚಾಕುಗಾರ ಫ್ಲಾವಿಯೊ ಇಕೊಮ ಮತ್ತು ಅವನ ಜೊತೆಗಾರ ರಿಕ್ ಲಾಲ ಇವರು ಹಿಡಿಯಲ್ಲಿಯೇ ವೃತ್ತದ ಕಾಲುವೆ ತೋಡಿ ಅದರಲ್ಲಿ ಬಿಡಿ ಗುಂಡುಗಳನ್ನು ಕೂಡಿಸುವ ವಿಧಾನವನ್ನು ಪ್ರಚಾರಕ್ಕೆ ತಂದರು. 2010ರಿಂದ ಈಚೆಗೆ ದೊಡ್ಡ ಕಂಪೆನಿಗಳೂ ಅದನ್ನೂ, ಗೂಡು ಕಟ್ಟಿದ ಬೇರಿಂಗುಗಳನ್ನೂ ಹಿಡಿದವು. ಈಗಂತೂ ಚೀನಾದಲ್ಲಿ ತಯಾರಾಗುವ ಅಗ್ಗದ ಚಾಕುಗಳಲ್ಲಿಯೂ ಬೇರಿಂಗ್ ಸಾಮಾನ್ಯ.

ಹಾಗಾದರೆ ಯಾವುದು ಮೇಲು? ಉಜ್ಜಾಟದ ಶಾಸ್ತ್ರವನ್ನು ಇಲ್ಲಿ ತುಸು ನೋಡಬೇಕು. ಫ್ರಾನ್ಸಿನ ಅಮೋಂತೋ 1699ರಲ್ಲಿ ಹೇಳಿದ, ಬಳಿಕ 1785ರಲ್ಲಿ ಕೂಲಂಬ್ ದೃಢಪಡಿಸಿದ ನಿಯಮವಿದು: ಉಜ್ಜಾಟವು ಒತ್ತುವ ಭಾರವನ್ನು ಅವಲಂಬಿಸಿದೆಯೇ ಹೊರತು ತಗಲುವ ಮೈಯ ವಿಸ್ತಾರವನ್ನಲ್ಲ. ಅಗಲವಾದ ಬಿಲ್ಲೆ ಇಟ್ಟ ಮಾತ್ರಕ್ಕೆ ಉಜ್ಜಾಟ ಹೆಚ್ಚುವುದಿಲ್ಲವೆಂದ ಹಾಗಾಯಿತು. ಆದರೆ ಬಿಲ್ಲೆಯ ಅಂಚು ನಡುವಿನಿಂದ ದೂರವಾದಷ್ಟೂ ಆ ಉಜ್ಜಾಟ ತಿರುಗುವಿಕೆಯನ್ನು ತಡೆಯುವ ಶಕ್ತಿ ಬೆಳೆಯುತ್ತದೆ. ಬಾಗಿಲನ್ನು ಅದರ ತಿರುಗಣಿಯ ಬಳಿ ಹಿಡಿದು ತಡೆಯುವುದಕ್ಕಿಂತ ದೂರದ ಅಂಚಿನಲ್ಲಿ ಹಿಡಿದು ತಡೆಯುವುದು ಸುಲಭವಲ್ಲವೆ? ಅದೇ ಅಗಲ ಅಲಗು ಪಕ್ಕಕ್ಕೆ ವಾಲದಂತೆ ತಡೆಯುತ್ತದೆ. ಭಾರವೂ ಹರಡಿಹೋಗುವುದರಿಂದ ಸವೆತ ಕಡಮೆ. ಗುಂಡು ಹಾಗಲ್ಲ. ಅದು ಮುಟ್ಟುವುದು ಒಂದು ಚುಕ್ಕೆಯಷ್ಟು ಜಾಗವನ್ನು. ಆದ್ದರಿಂದಲೇ ಅದು ಹಗುರ, ಆದ್ದರಿಂದಲೇ ಅದರ ಒತ್ತಡ ಚೂಪು. ಹಿಡಿ ಟೈಟೇನಿಯಮ್ಮಿನಂಥ ಮೆತು ಲೋಹದ್ದಾದರೆ ಗುಂಡುಗಳು ಅದರಲ್ಲಿ ಕುಳಿ ತೋಡುತ್ತವೆ. ಅದನ್ನು ತಪ್ಪಿಸಲು ಗುಂಡುಗಳ ಅಡಿಗೆ ಗಟ್ಟಿ ಉಕ್ಕಿನ ಬಿಲ್ಲೆಗಳನ್ನು ಇಡುತ್ತಾರೆ. ವಾಷರನ್ನು ಓಡಿಸಲು ಬಂದ ಬೇರಿಂಗಿಗೆ ಕೊನೆಗೆ ವಾಷರಿನ ಮೇಲೆಯೇ ಕೂರಬೇಕಾಯಿತು!

ನನಗೆ ಮುಖ್ಯವೆನಿಸುವುದು ಇನ್ನೊಂದು. ಬೇರಿಂಗನ್ನು ಬೆಳೆಸಿದ್ದು ಚಕ್ರ. ಚಕ್ರ ದಿನವೆಲ್ಲ ಸುತ್ತುತ್ತದೆ. ಅದರ ಉಜ್ಜಾಟದಲ್ಲಿ ಎತ್ತಿನ, ಸವಾರನ, ಎಣ್ಣೆಯ ಶಕ್ತಿ ಹಾಳಾಗುತ್ತದೆ. ಚಾಕು ಚಕ್ರವಲ್ಲ. ಅದು ಅರ್ಧ ಸುತ್ತು ತಿರುಗಿ ನಿಲ್ಲುತ್ತದೆ. ಅದರ ಕೆಲಸ ಆರಂಭವಾಗುವುದೇ ನಿಂತ ಮೇಲೆ. ಹಗ್ಗ ಕೊಯ್ಯುವಾಗ, ಕೋಲು ಹೆರೆಯುವಾಗ ಆ ಕೀಲಿನಿಂದ ನಾವು ಬಯಸುವುದು ಅದು ಕೂದಲೆಳೆಯಷ್ಟೂ ಅಲುಗಬಾರದೆಂದು. ಆ ಹೊತ್ತಿನಲ್ಲಿ ಉರುಳುವುದರ ಹಿರಿಮೆ ಯಾವ ಉಪಯೋಗಕ್ಕೂ ಬಾರದು. ಬೇರಿಂಗಿನಿಂದ ನಮಗಾದ ಲಾಭ ಬಿಚ್ಚುವ ಆ ಒಂದು ಕ್ಷಣದ ಸೊಗಸು. ಅದು ಸುಳ್ಳು ಸೊಗಸೆಂದು ನಾನು ಹೇಳಲಾರೆ; ದಿನಕ್ಕೆ ನೂರು ಸಲ ಬಿಚ್ಚಿ ಮಡಿಸುವುದರಲ್ಲಿ ಸುಖ ಕಾಣುವವರಿದ್ದಾರೆ, ಒಂದು ಕೈ ಸದಾ ಬೇರೆ ಕೆಲಸದಲ್ಲಿರುವವರೂ ಇದ್ದಾರೆ. ಆದರೆ ಅಂಗಡಿಯಲ್ಲಿ ನಿಂತು ಬೆರಳು ಒತ್ತಿ ನೋಡುವಾಗ ಬೇರಿಂಗ್ ಯಾವಾಗಲೂ ಗೆಲ್ಲುತ್ತದೆ. ಹೊಸ ವಾಷರು ತುಸು ಒರಟು. ಕೆಲವು ತಿಂಗಳು ತಿರುಗಿದ ಮೇಲೆ ಕಂಚು ತಾನೇ ನುಣುಪಾಗುತ್ತದೆ. ಆ ನುಣುಪನ್ನು ತೋರಿಸಿ ಮಾರುವುದು ವ್ಯಾಪಾರಿಗೆ ಸಾಧ್ಯವಿಲ್ಲ, ಅದು ಕೊಂಡವನ ಕೈಯಲ್ಲಿಯೇ ಹುಟ್ಟಬೇಕಾದುದು.

ಇದಕ್ಕೆ ಒಳ್ಳೆಯ ನಿದರ್ಶನ ದಕ್ಷಿಣ ಆಫ್ರಿಕದಿಂದ ಅಮೆರಿಕಕ್ಕೆ ಹೋಗಿ ನೆಲಸಿದ ಕ್ರಿಸ್ ರೀವ್ ಎಂಬ ಕುಶಲಿಯ 'ಸೆಬೆಂಜ' ಚಾಕು. 1980ರ ದಶಕದ ಕೊನೆಯಲ್ಲಿ ಹುಟ್ಟಿದ ಇದರ ಹೆಸರು ಜುಲು ಭಾಷೆಯದು. 'ಕೆಲಸ' ಎಂದು ಅರ್ಥ. ಇದರ ಕೀಲಿನ ನಡುವೆ ಕರಾರುವಾಕ್ಕಾದ ಉದ್ದಕ್ಕೆ ಅರೆದ ಒಂದು ಉಕ್ಕಿನ ಕೊಳವೆ ಇದೆ. ತಿರುಪನ್ನು ಪೂರ್ತಿ ಬಿಗಿದರೂ ಅದರ ಒತ್ತಡ ಬೀಳುವುದು ಕೊಳವೆಯ ಮೇಲೆ, ಕಂಚಿನ ಬಿಲ್ಲೆಗಳ ಮೇಲಲ್ಲ. ಅಲಗಿಗೆ ಎಷ್ಟು ಎಡೆ ಬೇಕೋ ಅಷ್ಟನ್ನು ಕೊಳವೆಯ ಉದ್ದವೇ ನಿರ್ಣಯಿಸುತ್ತದೆ. ಅಡಕತ್ತರಿಯ ಮೊಳೆ ಬಡಿಯುವವನು ಕಣ್ಣಂದಾಜಿನಲ್ಲಿ ಹಿಡಿಯುತ್ತಿದ್ದ ಹದವನ್ನು ಇಲ್ಲಿ ಅಳತೆಗೆ ಒಪ್ಪಿಸಿದ್ದಾರೆ. ಬೇರಿಂಗಿನ ಅಲೆ ಬಂದ ಮೇಲೆಯೂ ಸೆಬೆಂಜ ತನ್ನ ಬಿಲ್ಲೆಗಳನ್ನು ಬಿಟ್ಟಿಲ್ಲ.

ಕೊಳ್ಳುವವರಿಗೆ ಎರಡು ಮಾತು. ತೋಟ, ಗದ್ದೆ, ಕಾರ್ಖಾನೆಗಳಲ್ಲಿ, ಧೂಳು ಮರಳುಗಳ ನಡುವೆ ದುಡಿಯುವ ಚಾಕುವಿಗೆ ಕಂಚಿನ ವಾಷರೇ ನನ್ನ ಆಯ್ಕೆ. ಬಿಲ್ಲೆಯ ಮೈ ಅಲಗಿಗೆ ಅಂಟಿಕೊಂಡಿರುವುದರಿಂದ ಒಳಗೆ ನುಗ್ಗಲು ಧೂಳಿಗೆ ಎಡೆ ಕಡಮೆ. ಬೇರಿಂಗಿನಲ್ಲಿ ಗುಂಡಿಗೂ ಗುಂಡಿಗೂ ನಡುವೆ ಇರುವುದೇ ಎಡೆ, ಅಲ್ಲಿ ಜೇಬಿನ ನೂಲು, ಮರಳಿನ ಕಣ ಸೇರಿದರೆ ಅಲಗು ಕರಕರ ಎನ್ನತೊಡಗುತ್ತದೆ. ಕರಾವಳಿ, ಮಲೆನಾಡುಗಳ ಮಳೆಗಾಲದಲ್ಲಿ ಉಕ್ಕಿನ ಗುಂಡುಗಳು ತುಕ್ಕು ಹಿಡಿಯುವ ಭಯವೂ ಉಂಟು. ಕಂಚಿಗೆ ಆ ಭಯವಿಲ್ಲ, ಪಿಂಗಾಣಿಯ ಜಾತಿಯ ಗುಂಡುಗಳಿಗೂ ಇಲ್ಲ, ಆದರೆ ಅವು ದುಬಾರಿ. ಮೇಜಿನ ಮೇಲೆ ಕಾಗದ ಕತ್ತರಿಸಲು, ಹಣ್ಣು ಹೆಚ್ಚಲು ಮಾತ್ರ ಬೇಕಾದವರು ಯಾವುದನ್ನು ಕೊಂಡರೂ ಚಿಂತೆಯಿಲ್ಲ. ಎರಡಕ್ಕೂ ಆಗೊಮ್ಮೆ ಈಗೊಮ್ಮೆ ಒಂದು ತೊಟ್ಟು ಎಣ್ಣೆ ಸಾಕು. ಹೆಚ್ಚು ಹಾಕಿದರೆ ಧೂಳನ್ನು ಕರೆದು ಕೂರಿಸಿದಂತೆ. ಇನ್ನು ಗೂಡಿಲ್ಲದ ಬಿಡಿ ಗುಂಡಿನ ಬೇರಿಂಗಾದರೆ, ತಿರುಪು ಬಿಚ್ಚುವ ಮೊದಲು ಕೆಳಗೊಂದು ಬಿಳಿಯ ಬಟ್ಟೆ ಹಾಸಿಕೊಳ್ಳುವುದು ಕ್ಷೇಮ. ರಾಗಿಕಾಳಿನಷ್ಟು ಗುಂಡು ನೆಲದ ಮೇಲೆ ಎಷ್ಟು ದೂರ ಉರುಳಬಲ್ಲುದೆಂಬುದು ಮಂಚದ ಅಡಿಯಲ್ಲಿ ದೀಪ ಹಿಡಿದು ಹುಡುಕಿದವರಿಗೆ ಗೊತ್ತು.